ಕಿವುಡನ ಮನೆಗೊಂದು ಗಿಳಿ

ತೂಬಗೆರೆ
12 ಜನವರಿ 2025

ಪ್ರಿಯ ಹಸನ್,

ನೀನು ಮಗಳು ಇಲ್ಮಾ ಮನೆಗೆ ಅಂತ ವಿಜಯಪುರಕ್ಕೆ ಹೋದ ಮೇಲೆ ನಾನು ಬರೀತಿರೋ ಮೊದಲನೇ ಕಾಗದ ಇದು. ಫೋನ್ ಮಾಡೋಕೇನಾಗಿತ್ತು ಅಂತ ಬೈಕೋಬೇಡ. ಮಾಡಿದ್ರೆ ನೀನು ಆ ಕಡೆಯಿಂದ ಏನು ಹೇಳ್ತೀಯೋ ನಂಗೆ ಕೇಳಲ್ಲ. ಕಿವಿ ಮಿಷನ್ ಹಾಕ್ಕೊಂಡ್ರೆ ಮನುಷ್ಯರ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತೆ. ಫ್ಯಾನು, ಬಸ್ಸು, ಪಾತ್ರೆ ಸದ್ದು. ಮೊಬೈಲಲ್ಲಿ ಅಕ್ಷರ ಒತ್ತೋಣ ಅಂದ್ರೆ ನನ್ನ ಬೆರಳು ದಪ್ಪ, ಒಂದಕ್ಕೆ ಇನ್ನೊಂದು ಬೀಳುತ್ತೆ. ಮಗ್ಗದ ಶೆಡ್ಡಿನ ಸದ್ದಿನಲ್ಲಿ ನಾವು ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸ್ಕೊಳ್ತಿದ್ವಲ್ಲ, ಇದೂ ಹಂಗೇ ಅಂದ್ಕೋ. ರಟ್ಟು ಸ್ವಲ್ಪ ದೂರ ಹೋಗ್ಬೇಕು ಅಷ್ಟೆ.

ನಾಡಿದ್ದು ಸಂಕ್ರಾಂತಿ. ನಮ್ಮನೆಯವಳು ಗಂಗಲಕ್ಷ್ಮಿ ಒಳಗೆ ಕೂತು ಎಳ್ಳಿಗೆ ಕೊಬ್ಬರಿ, ಬೆಲ್ಲ ಹೆಚ್ಚುತಾ ಇದ್ದಾಳೆ. ನೆಲಮಂಗಲದಿಂದ ಮಗಳು ಪವಿತ್ರ, ಅಳಿಯ ಬರ್ತಾರೆ. ಬಂದು ಸಂಜೆಗೆ ಹೊರಟುಬಿಡ್ತಾರೆ.

ವಿಷಯಕ್ಕೆ ಬರ್ತೀನಿ. ಒಂದು ಗಿಳಿ ಸಾಕೋಣ ಅಂತಿದ್ದೀನಿ. ಹಸು, ನಾಯಿ, ಕೋಳಿ ಎಲ್ಲ ಆಗಿದೆ ನಮ್ಮನೇಲಿ, ಗಿಳಿ ಮಾತ್ರ ಯಾವತ್ತೂ ಬಂದಿಲ್ಲ. ನಿಮ್ಮ ದೊಡ್ಡಬಳ್ಳಾಪುರದ ಮನೆ ಹಜಾರದಲ್ಲಿ ನಿಮ್ಮಮ್ಮನ ಮಿಟ್ಠು ಇತ್ತಲ್ಲ, ನಂಗೆ ಗಿಳಿ ಅಂದ್ರೆ ಅದೇ ಕಣ್ಣಿಗೆ ಬರೋದು. ಪಂಜರ ಎಷ್ಟು ದೊಡ್ಡದಿರಬೇಕು, ಎಲ್ಲಿ ನೇತು ಹಾಕ್ಬೇಕು, ಏನು ತಿನ್ನಿಸ್ಬೇಕು, ಬೆಕ್ಕಿಗೆ ಏನು ಮಾಡೋದು, ಎಲ್ಲ ಬಿಡಿಸಿ ಬರಿ. ಈಗ್ಯಾಕೆ ಇದು ಅಂತ ಕೇಳ್ಬೇಡ. ಮಗ್ಗದ ಕೆಲಸ ನಿಂತ ಮೇಲೆ ಹೊತ್ತು ಹೋಗಲ್ಲ, ಅದಕ್ಕೆ.

ನಿನ್ನ ಮೊಣಕಾಲು ಹೇಗಿದೆ?

ನಿನ್ನ
ಕೆಂಪರಾಜ್


ವಿಜಯಪುರ
27 ಜನವರಿ 2025

ಲೇ ಕೆಂಪರಾಜು,

ಪೋಸ್ಟ್‌ಮ್ಯಾನ್ ನನ್ನ ಹೆಸರು ಕೂಗಿದಾಗ ಯಾವುದೋ ಬ್ಯಾಂಕಿಂದ ಬಂದಿರ್ಬೇಕು ಅಂದ್ಕೊಂಡೆ. ನಿನ್ನ ಅಕ್ಷರ ನೋಡಿ ಬಾಗಿಲಲ್ಲೇ ಕೂತ್ಬಿಟ್ಟೆ. ಇನ್ನೂ ಹಂಗೇ ಬರೀತೀಯ, ಎಲ್ಲ ಅಕ್ಷರಾನೂ ಬಲಗಡೆಗೆ ಬೀಳೋ ಹಂಗೆ ವಾಲಿಸ್ಕೊಂಡು.

ಕಿವುಡನಿಗೆ ಗಿಳಿ ಯಾಕೋ? ಕುರುಡನಿಗೆ ಟಿವಿ ಕೊಡಿಸಿದ ಹಂಗೆ. ಒಂದು ಮೀನು ಸಾಕು, ಅದೂ ಮಾತಾಡಲ್ಲ, ನೀನೂ ಮಾತಾಡಲ್ಲ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡಿರಿ. ತಮಾಷೆಗೆ ಅಂದೆ, ಸಿಟ್ಟಾಗ್ಬೇಡ. ಕೇಳ್ಬೇಡ ಅಂದಿದ್ದೀಯ, ಕೇಳಲ್ಲ.

ಮಿಟ್ಠು ನೆನಪು ತೆಗೆದೆಯಲ್ಲ, ನಿನ್ನೆಯಿಂದ ಅದೇ ತಲೇಲಿ. ಅಮ್ಮ ಹಜಾರದಲ್ಲಿ ಚರಕ ಇಟ್ಕೊಂಡು ಮಗ್ಗದ ಕಂಡಿಕೆಗೆ ನೂಲು ಸುತ್ತುತಿದ್ರಲ್ಲ, ಅವರ ತಲೆ ಮೇಲೇ ಪಂಜರ. ಮಿಟ್ಠು ಮೊದಲು ಕಲಿತದ್ದು ಚರಕದ ಸದ್ದು. ಅಮ್ಮ ಎದ್ದು ಒಳಗೆ ಹೋದ್ರೂ ಚರಕ ತಿರುಗ್ತಾನೇ ಇದೆ ಅನ್ನಿಸ್ತಿತ್ತು. ಅಬ್ಬಾ ಮಧ್ಯಾಹ್ನ ಬಂದು, "ಮಹಮೂದಾ, ಒಂದು ಗಳಿಗೆ ನಿಲ್ಸೇ ಅದನ್ನ" ಅಂತ ಪಂಜರದ ಕಡೆ ನೋಡಿ ಬೈಯೋರು. ಆಮೇಲೆ ನೀನು ರಾತ್ರಿ ಪಾಳಿ ಮುಗಿಸಿ ನನ್ನ ಜೊತೆ ಬಂದ್ರೆ, "ಕೆಂಪರಾಜ್ ಆಯಾ, ಚಾ ರಕೋ" ಅಂತಿತ್ತು. ನನಗೆ ಚಾ ಇಡಿ ಅಂತ ಒಂದು ದಿನ ಹೇಳ್ಲಿಲ್ಲ ಹರಾಮ್‌ಖೋರ್. ನಿನ್ನ ಕಿವಿ ಆಗ ಚೆನ್ನಾಗಿತ್ತು. ನೀನು ನಗ್ತಾ ನಿಂತಿರ್ತಿದ್ದೆ.

ಈಗ ಬರ್ಕೋ. ದುಂಡನೆಯ ಪಂಜರ ಬೇಡ, ಅದಕ್ಕೆ ಮೂಲೆ ಸಿಗದೆ ಗಾಬರಿಯಾಗುತ್ತೆ. ಚೌಕಾಗಿರಲಿ, ಎರಡೂ ರೆಕ್ಕೆ ಬಿಚ್ಚಿದ್ರೆ ಕಂಬಿಗೆ ತಾಗಬಾರದು. ಕೂರೋಕೆ ಸೀಬೆ ಕೊಂಬೆ ಹಾಕು, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇರೋದು. ನುಣ್ಣಗಿರೋ ಕೋಲು ಹಾಕಿದ್ರೆ ಕಾಲು ಕೆಡುತ್ತೆ. ಅಡುಗೆ ಮನೆ ಹೊಗೆ, ಊದುಬತ್ತಿ ಹೊಗೆ ಎರಡೂ ಆಗ್ಬಾರದು. ನವಣೆ, ನೆನೆಸಿದ ಹೆಸರುಕಾಳು, ಸೀಬೆಹಣ್ಣು, ಹಸಿಮೆಣಸಿನಕಾಯಿ. ನಿಮ್ಮನೆ ಹುಳಿ ಅನ್ನ ಕೊಡ್ಬೇಡ. ರಾತ್ರಿ ಮೇಲೊಂದು ಬಟ್ಟೆ ಹೊದಿಸು. ಮಾತು ಕಲಿಸ್ಬೇಕು ಅಂದ್ರೆ ಬೆಳಿಗ್ಗೆ ಬೆಳಿಗ್ಗೆ ಒಂದೇ ಮಾತು, ಒಂದೇ ದನಿ.

ನನ್ನದೇನಿಲ್ಲ, ಚೆನ್ನಾಗಿದ್ದೀನಿ. ಇಲ್ಲಿನವರ ಕನ್ನಡ ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ. ಗಂಗಕ್ಕನಿಗೆ ಸಲಾಂ ಹೇಳು.

ಹಸನ್


ತೂಬಗೆರೆ
9 ಫೆಬ್ರವರಿ 2025

ಪ್ರಿಯ ಹಸನ್,

ನಿನ್ನ ಕಾಗದ ಬಂದ ದಿನವೇ ಪಂಜರದ ಕೆಲಸ ಶುರು ಮಾಡಿದೆ. ಅಂಗಡೀಲಿ ಸಿಗೋದೆಲ್ಲ ಚಿಕ್ಕದು. ನಮ್ಮ ಹಳೇ ಶೆಡ್ಡು ಒಡೆದು ಹಾಕಿದಾರೆ ಗೊತ್ತಾ? ಆ ಜಾಗದಲ್ಲಿ ಮದುವೆ ಹಾಲ್ ಬರುತ್ತಂತೆ. ಗುಜರಿಯವನ ಹತ್ತಿರ ನಮ್ಮ ಮಗ್ಗಗಳ ಕಬ್ಬಿಣ ಬಿದ್ದಿತ್ತು. ಸಣ್ಣ ಸರಳು ಆರಿಸ್ಕೊಂಡು ಬಂದೆ. ಒಂದು ಲಾಳಿ ಸಿಕ್ತು, ಮರದ್ದು, ಅಂಚೆಲ್ಲ ನುಣ್ಣಗೆ ಸವೆದಿತ್ತು. ಎಷ್ಟು ಸಾವಿರ ಸಲ ಆ ಕಡೆಗೂ ಈ ಕಡೆಗೂ ಓಡಿರ್ಬೇಕು ಅದು. ಒಂದು ಗಳಿಗೆ ಕೈಯಲ್ಲಿ ಹಿಡ್ಕೊಂಡಿದ್ದು ವಾಪಸ್ ಇಟ್ಟುಬಂದೆ.

ಪಂಜರ ನೋಡಿ ಗಂಗಲಕ್ಷ್ಮಿ ಇಲಿಗೆ ಬೋನು ಅಂದ್ಕೊಂಡಿದ್ದಾಳೆ. ನಾನೂ ಸುಮ್ಮನಿದ್ದೀನಿ.

ತೆಂಗಿನಕಾಯಿ ಕೀಳೋ ಕೊಂಡಪ್ಪ ಗೊತ್ತಲ್ಲ, ದೊಡ್ಡಬೆಳವಂಗಲದವನು. ಅಲ್ಲೊಂದು ಒಣಗಿದ ತೆಂಗಿನ ಮರದ ಪೊಟರೇಲಿ ಗಿಳಿ ಗೂಡು ಮಾಡಿದೆಯಂತೆ. ಮರಿ ಆದ್ರೆ ಒಂದು ತಂದುಕೊಡ್ತೀನಿ ಅಂದಿದ್ದಾನೆ. ಗಂಗಲಕ್ಷ್ಮಿಯ ಅಕ್ಕ, ಅವಳ ದೊಡ್ಡಮ್ಮನ ಮಗಳು ವರಲಕ್ಷ್ಮಮ್ಮ, ದೊಡ್ಡಬಳ್ಳಾಪುರದಲ್ಲಿ ಒಂದು ಜೋಡಿ ಸಾಕಿದಾರೆ. ಕಾಕಟೀಲ್ ಅಂತಾರೆ. ಬೂದು ಬಣ್ಣ, ತಲೆ ಮೇಲೆ ಜುಟ್ಟು, ಕೆನ್ನೆ ಮೇಲೆ ಕಿತ್ತಳೆ ಬೊಟ್ಟು. ಅದೂ ಗಿಳಿ ಜಾತೀನೇ ಅಂತೆ. ನನ್ನ ಕಣ್ಣಿಗೆ ಗಿಳಿ ಅಂದ್ರೆ ಹಸಿರು, ಕೆಂಪು ಕೊಕ್ಕು, ಕುತ್ತಿಗೆ ಸುತ್ತ ಪಟ್ಟಿ. ಮಿಟ್ಠು ಥರದ್ದೇ ಬೇಕು. ಕೊಂಡಪ್ಪನ ಹತ್ತಿರ ತಗೊಳ್ಳಲಾ? ನೀನು ಹೂಂ ಅಂದ್ರೆ ಅವನಿಗೆ ಹೇಳ್ತೀನಿ.

ಇನ್ನೊಂದು ಮಾತು. ಬಹಳ ದಿನದಿಂದ ಕೇಳ್ಬೇಕು ಅಂತಿದ್ದೆ. ನಿಮ್ಮಮ್ಮ ತೀರಿಕೊಂಡ ನಲವತ್ತನೇ ದಿನಕ್ಕೆ ನಾನು ಬಂದಾಗ ಹಜಾರದಲ್ಲಿ ಪಂಜರ ಇರ್ಲಿಲ್ಲ, ಬರೀ ಕೊಕ್ಕೆ ನೇತಾಡ್ತಿತ್ತು. ಮಿಟ್ಠು ಎಲ್ಲಿ ಅಂದ್ರೆ ನೀನು ಬೇರೆ ಮಾತು ತೆಗೆದೆ. ಏನಾಯ್ತು ಅದಕ್ಕೆ?

ಕೆಂಪರಾಜ್


ತೂಬಗೆರೆ
9 ಮಾರ್ಚ್ 2025

ಹಸನ್,

ಒಂದು ತಿಂಗಳಾಯ್ತು, ನಿನ್ನಿಂದ ಒಂದು ಗೆರೆ ಇಲ್ಲ. ಪೋಸ್ಟಾಫೀಸಿಗೆ ಹೋಗಿ ಕೇಳಿದ್ರೆ ಅಲ್ಲಿನ ಹುಡುಗಿ ಕೈ ಅಲ್ಲಾಡಿಸ್ತಾಳೆ. ರಂಜಾನ್ ಶುರುವಾಗಿದೆ, ಉಪವಾಸದಲ್ಲಿ ಬರೆಯೋಕೆ ಆಗಿರಲ್ಲ ಅಂತ ಒಂದು ದಿನ ಅಂದ್ಕೋತೀನಿ. ಇನ್ನೊಂದು ದಿನ ನಾನು ಕೇಳಿದ ಮಾತಿಗೆ ನಿಂಗೆ ಬೇಜಾರಾಗಿದೆ ಅನ್ಸುತ್ತೆ. ತಾಯಿ ವಿಷಯ, ಅದು ನಾನು ಕೆದಕಬಾರದಿತ್ತು. ಹೇಳೋದು ಬೇಡ ಬಿಡು.

ಕೊಂಡಪ್ಪ ಮರಿ ಆಗಿದಾವೆ ಅಂತ ಹೇಳಿ ಕಳಿಸಿದಾನೆ. ನಿನ್ನ ಉತ್ತರ ಬರಲಿ ಅಂತ ಕಾದೆ. ಇನ್ನು ಕಾಯಲ್ಲ, ತರೋಕೆ ಹೇಳಿದೀನಿ.

ಮೈ ಹುಷಾರಾಗಿದ್ದೀಯ ಅಂತಾದ್ರೂ ಒಂದು ಸಾಲು ಹಾಕು.

ಕೆಂಪರಾಜ್


ವಿಜಯಪುರ
20 ಮಾರ್ಚ್ 2025

ಕೆಂಪರಾಜು,

ಮೊನ್ನೆ ನಿನ್ನ ಎರಡು ಕಾಗದ ಒಟ್ಟಿಗೆ ಬಂದ್ವು, ಫೆಬ್ರವರೀದು, ಮಾರ್ಚ್‌ದು. ಫೆಬ್ರವರಿ ಕಾಗದದ ಮೇಲೆ ನೀನು ಪಿನ್‌ಕೋಡ್ ಹಾಕಿಲ್ಲ, ಜಿಲ್ಲೆ ಹಾಕಿಲ್ಲ, ಬರೀ ವಿಜಯಪುರ ಅಂತ ಗೀಚಿದೀಯ. ಅದು ನಿನ್ನ ಪಕ್ಕದಲ್ಲೇ ಇರೋ ದೇವನಹಳ್ಳಿ ತಾಲ್ಲೂಕು ವಿಜಯಪುರಕ್ಕೆ ಹೋಗಿ, ಅಲ್ಲಿ ಯಾವುದೋ ಹಸನ್ ಸಾಬರು ಒಡೆದು ಓದಿ, ಮೇಲೆ "ನಮ್ಮದಲ್ಲ, ನಮ್ಮನೇಲಿ ಗಿಳಿ ಇಲ್ಲ" ಅಂತ ಬರೆದು ವಾಪಸ್ ಪೋಸ್ಟಿಗೆ ಹಾಕಿದಾರೆ, ಅಲ್ಲಿಂದ ಸುತ್ತಿ ಇಲ್ಲಿಗೆ ಬಂದಿದೆ. ನಗ್ತಾ ನಗ್ತಾ ರೋಜಾ ಉಪವಾಸದ ಬಾಯಾರಿಕೆ ಮರೆತುಹೋಯ್ತು.

ನಗು ಅಲ್ಲಿಗೆ ಸಾಕು. ಮರಿ ತರಿಸ್ಬೇಡ ಕಣೋ. ನಮ್ಮ ಕಾಲದಲ್ಲಿ ಎಲ್ಲರೂ ಸಾಕ್ತಿದ್ರು, ಯಾರೂ ಕೇಳ್ತಿರ್ಲಿಲ್ಲ. ಈಗ ನಮ್ಮ ನಾಡಿನ ಹಸಿರು ಗಿಳಿ ಮನೇಲಿಡೋದು ಕಾನೂನಿಗೆ ವಿರುದ್ಧ. ಕಾನೂನು ಹಂಗಿರಲಿ, ಗೂಡಿಂದ ಕಿತ್ತು ತಂದ ಮರಿ ಹತ್ತರಲ್ಲಿ ಎಷ್ಟು ಬದುಕುತ್ತೆ ಅಂದ್ಕೊಂಡಿದೀಯ? ಅಮ್ಮನಿಗೆ ಮಿಟ್ಠು ಸಿಗೋಕೆ ಮುಂಚೆ ಎರಡು ಸತ್ತಿದ್ವು. ಅದನ್ನ ನಾನು ನಿನಗೆ ಮೊದಲೇ ಬರೀಬೇಕಿತ್ತು. ಮಿಟ್ಠು ಸುದ್ದಿ ಹೇಳೋ ಖುಷೀಲಿ ಮರೆತೆ. ಈ ಕಾಗದ ತಲುಪೋ ಹೊತ್ತಿಗೆ ಕೊಂಡಪ್ಪ ಬಂದು ಹೋಗಿರ್ತಾನೋ ಏನೋ.

ನೀನು ಕೇಳಿದ್ದಕ್ಕೆ ನಂಗೆ ಬೇಜಾರಾಗಿಲ್ಲ. ಹೇಳ್ತೀನಿ.

ಅಮ್ಮ ಹೋದ ಮೂರನೇ ದಿನ ಬೆಳಿಗ್ಗೆ ನಾವೆಲ್ಲ ಮಲಗಿದ್ವಿ. ಹಜಾರದಿಂದ ಅಮ್ಮ ಕೂಗಿದ್ರು, "ಹಸನ್, ಉಠೋ ಬೇಟಾ." ನಾನು ನಿದ್ದೇಲಿ "ಹಾಂ ಅಮ್ಮಿ" ಅಂತ ಎದ್ದು ಕೂತೆ. ಕೂತ ಮೇಲೆ ಗೊತ್ತಾಯ್ತು. ಅಬ್ಬಾ ಎದುರಿಗಿನ ಚಾಪೆ ಮೇಲೆ ಎದ್ದು ಕೂತಿದ್ರು. ಅಬ್ಬಾ ಎದ್ದು ಹೋಗಿ ಪಂಜರ ಇಳಿಸಿ ತಮ್ಮ ರೂಮಿಗೆ ತಗೊಂಡು ಹೋದ್ರು. ಮಂದಿ ಮಾತಾಡ್ಸೋಕೆ ಬರ್ತಾರೆ, ಅವರ ಮುಂದೆ ಇದು ಕೂಗಿದ್ರೆ ಎಲ್ಲರೂ ಕೇಳ್ತಾರೆ. ಅಮ್ಮನ ದನಿ ಹೊರಗಿನವರು ಕೇಳೋದು ಅವರಿಗೆ ಬೇಡವಾಗಿತ್ತು. ನಲವತ್ತನೇ ದಿನ ನೀನು ಹಜಾರದಲ್ಲಿ ಕೂತು ಊಟ ಮಾಡುವಾಗ ಮಿಟ್ಠು ಒಳಗಡೆ ಇತ್ತು, ಮೇಲೆ ಕಂಬಳಿ ಹೊದಿಸಿದ್ವಿ.

ಆಮೇಲೆ ನಾಲ್ಕೈದು ವರ್ಷ ಇತ್ತು. ಅಬ್ಬಾ ಅದರ ಪಕ್ಕದಲ್ಲೇ ಮಲಗೋರು. ನಾನು ಕೆಲವು ಸಲ ಬಾಗಿಲ ಹೊರಗೆ ನಿಂತು ಕೇಳ್ತಿದ್ದೆ. ಅಮ್ಮ ಅಬ್ಬಾಗೆ ಬೈತಿದ್ರು, ಚಪ್ಪಲಿ ಹೊರಗೆ ಬಿಡಿ ಅಂತ. ಅಬ್ಬಾ ಮೆಲ್ಲಗೆ, "ಬಿಟ್ಟಿದ್ದೀನಿ ಕಣೇ" ಅನ್ನೋರು. ಮಿಟ್ಠು ಸತ್ತ ದಿನ ಅಬ್ಬಾ ಅತ್ತದ್ದಕ್ಕೆ, ಮಸ್ತಾನ್ ಸಾಬರು ಮಗು ಥರ ಅತ್ರು ಅಂತ ಬೀದೀಲಿ ನಕ್ಕರು. ಅವತ್ತು ನಮ್ಮ ಮನೇಲಿ ಅಮ್ಮ ಎರಡನೇ ಸಲ ಹೋದ್ರು, ಅದು ಬೀದಿಯವರಿಗೇನು ಗೊತ್ತು.

ಅದಕ್ಕೇ ಹೇಳ್ತೀನಿ, ಯೋಚನೆ ಮಾಡು. ಗಿಳಿ ನಿನ್ನ ಮಾತು ಕಲಿಯಲ್ಲ, ನೀನು ದಿನಕ್ಕೆ ನಾಲ್ಕು ಮಾತಾಡೋನು. ಅದು ಕಲಿಯೋದು ಗಂಗಕ್ಕನ ಮಾತು.

ಹಸನ್


ತೂಬಗೆರೆ
30 ಮಾರ್ಚ್ 2025

ಪ್ರಿಯ ಹಸನ್,

ಇವತ್ತು ನಮ್ಮ ಯುಗಾದಿ, ನಾಳೆ ನಿನ್ನ ಹಬ್ಬ. ಒಬ್ಬಟ್ಟು ತಿಂದು ಕೂತು ಬರೀತಿದ್ದೀನಿ. ಮುಂಚೆ ಹಿಂಗೆ ಎರಡೂ ಹಬ್ಬ ಅಕ್ಕಪಕ್ಕ ಬಂದ್ರೆ ಶೆಡ್ಡು ಎರಡು ದಿನ ಮುಚ್ಚೋರು. ಮೂರನೇ ದಿನ ಮಗ್ಗ ಹಾಕಿದಾಗ ಆ ಸದ್ದು ಕಿವಿಗೆ ಎಷ್ಟು ದೊಡ್ಡದಾಗಿ ಕೇಳ್ತಿತ್ತು.

ನಿನ್ನ ಕಾಗದ ಬರೋಕೆ ಮುಂಚೆ ಕೊಂಡಪ್ಪ ಬಂದ. ಬಟ್ಟೆ ಚೀಲದಿಂದ ಮರಿ ತೆಗೆದು ಜಗಲಿ ಮೇಲೆ ಇಟ್ಟ. ಹಸನ್, ಅದು ಗಿಳೀನೇ ಅಲ್ಲ. ಮೈ ಮೇಲೆ ಪುಕ್ಕ ಇಲ್ಲ, ಹಸಿರು ಮುಳ್ಳು ಮುಳ್ಳಾಗಿ ಆಗಷ್ಟೇ ಬರ್ತಾ ಇತ್ತು, ತಲೆ ಮೈಗಿಂತ ದೊಡ್ಡದು. ಬಾಯಿ ತೆಗೆದು ಕೂಗ್ತಿತ್ತು. ನಂಗೆ ಕೇಳಲ್ಲ, ಆದ್ರೆ ಅದರ ಇಡೀ ಮೈ ನಡುಗೋದು ಕಾಣ್ತಿತ್ತು. ಗಂಗಲಕ್ಷ್ಮಿ ಸೀರೆ ಸೆರಗಲ್ಲಿ ಅದನ್ನ ಎತ್ಕೊಂಡ್ಲು. ಕೊಂಡಪ್ಪ ಏನೋ ಅಂದ. ಅವಳು ನನ್ನ ಕಡೆ ತಿರುಗಿ ನಿಧಾನಕ್ಕೆ ಹೇಳಿದ್ಲು, "ಗಾಡಿ ತೆಗೀರಿ. ಅದರ ತಾಯಿ ಹತ್ರ ಬಿಟ್ಟುಬರೋಣ."

ಕೊಂಡಪ್ಪ ಮುಂದೆ ಅವನ ಬೈಕಲ್ಲಿ, ಹಿಂದೆ ನಾವು ನಮ್ಮ ಟಿವಿಎಸ್‌ನಲ್ಲಿ. ದೊಡ್ಡಬಳ್ಳಾಪುರ ದಾಟಿ ದೊಡ್ಡಬೆಳವಂಗಲದವರೆಗೂ ಅವಳು ಮರಿನ ಮಡಿಲಲ್ಲಿಟ್ಕೊಂಡು ಹಿಂದೆ ಕೂತಿದ್ಲು. ಕೊಂಡಪ್ಪ ಮರ ಹತ್ತಿ ಪೊಟರೇಲಿ ಬಿಟ್ಟ. ನಾವು ದೂರ ಹೋಗಿ ಹುಣಸೆ ಮರದ ಕೆಳಗೆ ಕೂತ್ವಿ. ತಾಯಿ ಗಿಳಿ ಬಂದು ಸುತ್ತಿ ಸುತ್ತಿ, ಹೋಗಿ, ಮತ್ತೆ ಬಂದು ಒಳಗೆ ಹೋಯ್ತು. ಆಮೇಲೆ ಎದ್ವಿ.

ವಾಪಸ್ ಬರುವಾಗ ಒಂದು ನಡೀತು. ಗಂಗಲಕ್ಷ್ಮಿ ಹಿಂದೆ ಕೂತು ಮಾತಾಡ್ತಿದ್ಲು. ಕೇಳಿಸ್ಲಿಲ್ಲ, ಬೆನ್ನಿಗೆ ಗೊತ್ತಾಯ್ತು. ಅವಳು ನನ್ನ ಬೆನ್ನಿಗೆ ಒರಗಿದ್ಲಲ್ಲ, ಮಾತಾಡಿದ್ರೆ ಬೆನ್ನಲ್ಲಿ ಗುಂಯ್ ಅಂತಿತ್ತು. ಊರು ಬರೋವರೆಗೂ ಮಾತಾಡಿದ್ಲು. ಇಳಿದು ಏನು ಹೇಳ್ತಿದ್ದೆ ಅಂದೆ. "ಏನಿಲ್ಲ" ಅಂತ ಒಳಗೆ ಹೋದ್ಲು.

ಈಗ ನಿಜ ಹೇಳ್ತೀನಿ. ಗಿಳಿ ನಂಗಲ್ಲ. ಅವಳು ಹೊಸದಾಗಿ ಮದುವೆಯಾಗಿ ಬಂದಾಗ ಎಷ್ಟು ಮಾತಾಡೋಳು ನೀನೇ ನೋಡಿದೀಯ. ಬಸ್ಸಲ್ಲಿ ಪಕ್ಕದಲ್ಲಿ ಕೂತವರ ಮನೆ ಮೂರು ತಲೆಮಾರು ಕೇಳಿ ತಿಳ್ಕೊಂಡು ಇಳಿಯೋಳು. ನನ್ನ ಕಿವಿ ಹೋದಂಗೆಲ್ಲ ಅವಳ ಮಾತು ಹೋಯ್ತು. ಈಗ ಊಟಕ್ಕೆ ಬನ್ನಿ ಅನ್ನೋದೂ ಕೈಸನ್ನೇಲಿ. ದೀಪಾವಳಿ ಆದ ಮೇಲೆ ಒಂದು ದಿನ ವರಲಕ್ಷ್ಮಮ್ಮನ ಮನೆಯಿಂದ ಅವಳನ್ನ ಕರ್ಕೊಂಡು ಬರೋಕೆ ಹೋಗಿದ್ದೆ. ಕಿಟಕೀಲಿ ನೋಡ್ತೀನಿ, ಅವಳು ಒಬ್ಬಳೇ ಆ ಜುಟ್ಟಿನ ಹಕ್ಕಿ ಮುಂದೆ ಕೂತು ಮಾತಾಡ್ತಿದ್ದಾಳೆ. ಕೈ ತಿರುಗಿಸ್ತಾಳೆ, ನಗ್ತಾಳೆ, ಕಣ್ಣು ಅಗಲಿಸ್ತಾಳೆ. ಹಕ್ಕಿ ತಲೆ ವಾಲಿಸಿ ಕೇಳ್ತಿದೆ. ಮೊದಲಿನ ಗಂಗಲಕ್ಷ್ಮೀನೇ. ನಾನು ಒಳಗೆ ಹೋಗದೆ ಗೇಟಿನ ಹತ್ತಿರ ನಿಂತಿದ್ದೆ. ಹೋದ್ರೆ ನಿಲ್ಲಿಸಿಬಿಡ್ತಾಳೆ ಅಂತ.

ಗಿಳಿ ಅವಳ ಮಾತು ಕಲಿಯುತ್ತೆ ಅಂದೆಯಲ್ಲ, ಕಲೀಲಿ. ಅವಳಿಗೆ ಎದುರು ಮಾತಾಡೋಕೆ ಒಂದು ಜೀವ ಬೇಕು, ನನ್ನಿಂದ ಆಗಲ್ಲ.

ವರಲಕ್ಷ್ಮಮ್ಮನ ಜೋಡಿ ಮೊಟ್ಟೆ ಇಟ್ಟಿದೆಯಂತೆ. ಹೊರದೇಶದ ಜಾತಿ, ಸಾಕೋಕೆ ಅಡ್ಡಿಯಿಲ್ಲ ಅಂದ್ರು. ಒಂದು ಮರಿ ಕೇಳಲಾ?

ಕೆಂಪರಾಜ್


ವಿಜಯಪುರ
12 ಏಪ್ರಿಲ್ 2025

ಪ್ರಿಯ ಕೆಂಪರಾಜು,

ಕೇಳು. ನಾಳೇನೇ ಹೋಗಿ ಕೇಳು. ಮೀನು ಸಾಕು ಅಂತ ಬರೆದಿದ್ದೆನಲ್ಲ ಮೊದಲನೇ ಕಾಗದದಲ್ಲಿ, ಅದನ್ನ ಹರಿದು ಹಾಕು.

ಗಂಗಕ್ಕನಿಗೆ ಈಗಲೇ ಹೇಳ್ಬೇಡ. ಒಂದು ದಿನ ಪಂಜರದ ಬಟ್ಟೆ ತೆಗೀಲಿ, ಒಳಗೆ ಹಕ್ಕಿ ಇರ್ಲಿ. ಆ ಮುಖ ಹೇಗಿತ್ತು ಅಂತ ನಂಗೆ ಬರೆದು ತಿಳಿಸು. ಅಂಥ ಖುಷಿ ಹೇಳದೆ ಕೊಟ್ರೇನೇ ಚೆಂದ. ಮರಿ ತಾನೇ ಕಾಳು ಬಿಡಿಸಿ ತಿನ್ನೋವರೆಗೆ ತಾಯಿ ಹತ್ತಿರಾನೇ ಇರ್ಲಿ. ಅವಸರ ಮಾಡ್ಬೇಡ.

ನೀನು ನಿಜ ಬರೆದಿದ್ದಕ್ಕೆ ನಾನೂ ಒಂದು ಬರೀತೀನಿ. ಚೆನ್ನಾಗಿದ್ದೀನಿ ಅಂತ ಬರೆದಿದ್ದೆ, ಚೆನ್ನಾಗೇ ನೋಡ್ಕೋತಾರೆ, ಹಬ್ಬಕ್ಕೆ ಇಲ್ಮಾ ಸುರಕುಂಬಾ ಪಾಯಸ ಮಾಡಿ ಮೊದಲ ಬಟ್ಟಲು ನಂಗೇ ಕೊಟ್ಲು. ಆದ್ರೆ ಅವಳು, ಅಳಿಯ ಕೆಲಸಕ್ಕೆ ಹೋದ್ರೆ, ಮೊಮ್ಮಗಳು ಫಿಝಾ ಸ್ಕೂಲಿಂದ ಬರೋವರೆಗೆ ನಾನು ಬಾಯಿ ತೆಗೆಯೋದಿಲ್ಲ. ನಿನ್ನ ಕಾಗದ ಬಂದ್ರೆ ಬಾಗಿಲು ಹಾಕ್ಕೊಂಡು ಜೋರಾಗಿ ಓದ್ತೀನಿ. ನಮ್ಮ ಕಡೆ ಕನ್ನಡ ಒಂದ್ಸಲ ಕಿವಿ ಮೇಲೆ ಬೀಳ್ಲಿ ಅಂತ. ಇಲ್ಲಿ ಗೋಳಗುಮ್ಮಟದಲ್ಲಿ ಪಿಸುಗುಟ್ಟಿದ್ರೂ ಆಚೆ ಗೋಡೆಗೆ ಕೇಳುತ್ತೆ. ಒಂದ್ಸಲ ನಿನ್ನ ಹೆಸರು ಕೂಗಿ ಬಂದೆ. ಎಷ್ಟೋ ಸಲ ವಾಪಸ್ ಬಂತು.

ಹಸನ್


ತೂಬಗೆರೆ
4 ಮೇ 2025

ಹಸನ್,

ನೀನು ಹೇಳಿದ ಹಂಗೆ ಮಾಡಿದೆ, ಕೆಟ್ಟೆ.

ವರಲಕ್ಷ್ಮಮ್ಮನ ಹತ್ತಿರ ಗುಟ್ಟಾಗಿರಲಿ ಅಂದಿದ್ದೆ. ಅವರ ಬಾಯಲ್ಲಿ ಗುಟ್ಟು ನಿಲ್ಲುತ್ತಾ? ಕಳೆದ ವಾರ ಗಂಗಲಕ್ಷ್ಮಿ ಹೋದಾಗ, "ನೀನು ಪುಣ್ಯ ಮಾಡಿದೀಯ ಕಣೇ, ನಿನಗೆ ಮಾತಾಡೋಕೆ ಜೊತೆ ಇಲ್ಲ ಅಂತ ನಿಮ್ಮ ಯಜಮಾನ್ರು ಹಕ್ಕಿ ಕೇಳಿದಾರೆ" ಅಂತ ಹೇಳಿಬಿಟ್ಟಿದ್ದಾರೆ.

ಮನೆಗೆ ಬಂದೋಳು ಚಪ್ಪಲಿನೂ ಸರಿಯಾಗಿ ಬಿಡ್ಲಿಲ್ಲ. ಪಂಜರದ ಮೇಲಿನ ಬಟ್ಟೆ ಎಳೆದು ನೋಡಿದ್ಲು. ಆಮೇಲೆ ನನ್ನ ಎದುರಿಗೆ ಕೂತು, ಎರಡು ಬೆರಳಲ್ಲಿ ನನ್ನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿದ್ಲು. ಹಂಗೆ ಅವಳು ಯಾವತ್ತೂ ಮಾಡಿಲ್ಲ. ಒಂದೊಂದೇ ಮಾತು ಬಿಡಿಸಿ ಹೇಳಿದ್ಲು.

"ನಂಗೆ ಹಕ್ಕಿ ಬೇಕು ಅಂತ ನಾನು ಕೇಳಿದ್ನಾ? ನಿಮಗೆ ಕಿವಿ ಕೇಳಲ್ಲ ಅಂತ ನಾನು ಮಾತು ಬಿಡ್ಲಿಲ್ಲ. ನಾನು ಮಾತಾಡಿದ್ರೆ ನೀವು ಎತ್ತಲೋ ನೋಡ್ಕೊಂಡು ಹೂಂ ಹೂಂ ಅಂತೀರಲ್ಲ, ಅದಕ್ಕೆ ಬಿಟ್ಟೆ. ನಮ್ಮಪ್ಪ ತೀರಿಕೊಂಡ ಸುದ್ದಿ ಫೋನಲ್ಲಿ ಬಂದಾಗ ಬಂದು ಹೇಳಿದೆ. ಅದಕ್ಕೂ ಹೂಂ ಅಂದು ಪೇಪರ್ ತಿರುವಿದ್ರಿ. ಇನ್ನೊಂದ್ಸಲ ಬಾಯಿ ತೆಗೀಲಾ ನಾನು?"

ಮಾವ ಅಪ್ಪಯ್ಯಣ್ಣನವರು ತೀರಿಕೊಂಡಿದ್ದು ನನಗೆ ಪಕ್ಕದ ಮನೆಯವರು ಬಂದು ಕೈ ಹಿಡಿದಾಗ ಗೊತ್ತಾಗಿದ್ದು ಅಂತಲೇ ಇಷ್ಟು ದಿನ ಅಂದ್ಕೊಂಡಿದ್ದೆ. ಅವಳು ಮೊದಲೇ ಹೇಳಿದ್ಲಂತೆ. ಏನು, ಏನು ಅಂತ ಮತ್ತೆ ಮತ್ತೆ ಕೇಳಿ ಅವಳನ್ನ ಸುಸ್ತು ಮಾಡೋದ್ಯಾಕೆ ಅಂತ ನಾನು ಹೂಂ ಅಂತಿದ್ದೆ ಹಸನ್. ಅದು ಅವಳಿಗೆ ಉಪಕಾರ ಅಂದ್ಕೊಂಡಿದ್ದೆ.

ಪಂಜರ ಅಟ್ಟಕ್ಕೆ ಹಾಕಿದೀನಿ. ಇನ್ನು ಗಿಳಿ ಮಾತು ಬೇಡ.

ಕೆಂಪರಾಜ್


ವಿಜಯಪುರ
17 ಮೇ 2025

ಕೆಂಪರಾಜು,

ತಪ್ಪು ನನ್ನದು. ಹೇಳದೆ ಕೊಡು ಅಂದೋನು ನಾನು. ಗಂಗಕ್ಕನ ಮುಂದೆ ಹಂಗಂತ ಹೇಳು, ಬೇಕಾದ್ರೆ ಈ ಕಾಗದಾನೇ ಅವರ ಕೈಗೆ ಕೊಡು.

ನಿನಗೂ ಒಂದು ಮಾತು. ಶೆಡ್ಡಿನಲ್ಲಿ ನಾಲ್ಕು ಮಗ್ಗದ ಆ ಕಡೆಯಿಂದ ನಾನು ಬೀಡಿ ಕೇಳಿದ್ರೆ ರಟ್ಟೂ ಬೇಕಿರ್ಲಿಲ್ಲ, ನೀನು ತುಟಿ ನೋಡೇ ಎಸೀತಿದ್ದೆ. ನನ್ನ ಮನೆಯವಳಿಗೆ ಕಾಯಿಲೆ ಅಂತ ಡಾಕ್ಟರು ಹೇಳಿದ ದಿನ, ಆ ಸದ್ದಿನ ನಡುವೆ ನಾನು ನಿಂಗೆ ಎಲ್ಲಾನೂ ಹೇಳ್ಕೊಂಡೆ, ನೀನು ಒಂದು ಮಾತೂ ಬಿಡದೆ ಓದಿದೆ. ಆಗಲೇ ಅರ್ಧ ಕಿವಿ ಹೋಗಿತ್ತು ನಿಂದು. ಆ ವಿದ್ಯೆ ನೀನು ಮರೆತಿಲ್ಲ. ಕಿವಿ ಹೋಗಿದೆ, ಕಣ್ಣಿದೆಯಲ್ಲ. ಅವರ ಮುಖ ನೋಡು.

ಗಾಡೀಲಿ ನಿನ್ನ ಬೆನ್ನ ಹಿಂದೆ ಏನು ಹೇಳಿದ್ರು ಅಂತ ಕೇಳು. "ಏನಿಲ್ಲ" ಅಂದ್ರೆ ಎದ್ದು ಹೋಗ್ಬೇಡ. ಕೂತಿರು.

ಹಸನ್


ತೂಬಗೆರೆ
15 ಜೂನ್ 2025

ಪ್ರಿಯ ಹಸನ್,

ನಿನ್ನ ಕಾಗದ ಅವಳ ಕೈಗೆ ಕೊಟ್ಟೆ. ಓದಿ ಮಡಿಚಿ ಅಡುಗೆ ಮನೆ ಡಬ್ಬದ ಹಿಂದೆ ಇಟ್ಲು. ಗಾಡೀಲಿ ಏನು ಹೇಳ್ತಿದ್ದೆ ಅಂತ ಕೇಳಿ ನಾನು ಕೂತಿದ್ದೆ. ಅವಳು ಬೆಳ್ಳುಳ್ಳಿ ಸುಲಿದು ಮುಗಿಸಿದ್ಲು, ಅಕ್ಕಿ ಆರಿಸಿದ್ಲು, ನಾನು ಕೂತೇ ಇದ್ದೆ. ಕೊನೆಗೆ ಬೇಸತ್ತು ಬಂದು ಎದುರಿಗೆ ಕೂತ್ಲು.

ಗಾಡೀಲಿ ಏನು ಹೇಳಿದ್ದು ಗೊತ್ತಾ? ಅರ್ಧ ದಾರಿ ನನ್ನ ಗಾಡಿ ಓಡಿಸೋದನ್ನ ಬೈದಿದ್ದಾಳೆ. ಗುಂಡಿ ನೋಡ್ರೀ, ಲಾರಿ ನೋಡ್ರೀ ಅಂತ. ನಾನು ಮಾತ್ರ ಬೆನ್ನಿಗೆ ಗುಂಯ್ ಅನ್ನೋದು ಹಿತವಾಗಿದೆ ಅಂತ ಗುಂಡಿಗೇ ಇಳಿಸ್ಕೊಂಡು ಬಂದಿದೀನಿ. ಮಿಕ್ಕ ಅರ್ಧ ದಾರೀಲಿ ಅವಳು ಚಿಕ್ಕೋಳಿದ್ದಾಗಿನ ಮಾತು. ಮಾವ ಒಂದು ಸಲ ಹೊಲದಿಂದ ಬರುವಾಗ ರುಮಾಲಲ್ಲಿ ಗಿಳಿ ಮರಿ ಕಟ್ಕೊಂಡು ಬಂದ್ರಂತೆ. ಇವಳು ರಾಗಿ ಅಂಬಲಿ ಬೆರಳಲ್ಲಿ ಅದ್ದಿ ಕುಡಿಸಿದ್ಲಂತೆ. ಎರಡು ದಿನಕ್ಕೆ ಸತ್ತುಹೋಯ್ತು. ಹೊಂಗೆ ಮರದ ಬುಡದಲ್ಲಿ ಅಪ್ಪ ಮಗಳು ಇಬ್ಬರೇ ಹೂತು, ಮಾವ ಅವಳ ಕೈ ತೊಳೆಸಿ, "ಅಮ್ಮನಿಗೆ ಹಾರಿಹೋಯ್ತು ಅಂತ ಹೇಳೋಣ" ಅಂದ್ರಂತೆ. ಮಾವ ಸಾಯೋವರೆಗೂ ಅವರಿಬ್ಬರೂ ಹಂಗೇ ಹೇಳ್ತಿದ್ರು. ಈಗ ಆ ಗುಟ್ಟು ಗೊತ್ತಿರೋನು ಇನ್ನೊಬ್ಬ ಇಲ್ಲವಲ್ಲ ಅಂತ ಆ ದಿನ ಗಾಡೀಲಿ ಅನ್ನಿಸಿ ಹೇಳಿದ್ದಂತೆ. ಹೇಳ್ತಾ ಹೇಳ್ತಾ ಅತ್ಲು. ಮಾವ ಹೋದಾಗಲೂ ನನ್ನ ಮುಂದೆ ಅತ್ತಿರ್ಲಿಲ್ಲ.

ಅವತ್ತಿಂದ ಸಂಜೆ ಹೊತ್ತು ಜಗಲಿ ಮೇಲೆ ಎದುರುಬದುರು ಕೂರ್ತೀವಿ. ಬೆಳಕಿರುವಾಗಲೇ ಕೂರ್ಬೇಕು, ಕತ್ತಲಾದ್ರೆ ತುಟಿ ಕಾಣಲ್ಲ. ಮೊದಮೊದಲು ಅರ್ಧಕ್ಕರ್ಧ ತಪ್ಪು. ಪವಿತ್ರ ಕೊತ್ತಂಬರಿ ಕಳಿಸ್ತಾಳೆ ಅಂದ್ರೆ ಪವಿತ್ರ ಕೊನೆ ಅಂತಸ್ತಿಗೆ ಹೋದ್ಲು ಅಂತ ತಿಳ್ಕೊಂಡೆ. ಅವಳು ನಕ್ಕೂ ನಕ್ಕೂ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು. ಗೊತ್ತಾಗದಿದ್ರೆ ಈಗ ಏನು ಅಂತ ಕೇಳ್ತೀನಿ. ಬೇಜಾರಿಲ್ಲದೆ ಮತ್ತೆ ಹೇಳ್ತಾಳೆ. ಕೆಲವು ಸಲ ಬೇಜಾರು ಮಾಡ್ಕೊಂಡೂ ಹೇಳ್ತಾಳೆ.

ಪಂಜರ ಅಟ್ಟದಿಂದ ಇಳಿಸಿದ್ದು ನಾನಲ್ಲ. ನಾನು ಪೋಸ್ಟಾಫೀಸಿಗೆ ಹೋಗಿ ಬರೋ ಅಷ್ಟರಲ್ಲಿ ಸೀಗೆಪುಡಿ ಹಾಕಿ ಉಜ್ಜಿ ಬಿಸಿಲಿಗಿಟ್ಟಿದ್ಲು. "ತರೋದಾದ್ರೆ ತರೋಣ. ನಂಗೋಸ್ಕರ ಅಂತ ಬೇಡ. ಅದು ಹಕ್ಕಿ, ಅದಕ್ಕೊಂದು ಮನೆ ಬೇಕು, ನಮ್ಮನೇಲಿ ಜಾಗ ಇದೆ, ಅಷ್ಟೆ" ಅಂದ್ಲು. ನಾನು ಮಾಡಿದ್ದೆಲ್ಲ ತಪ್ಪಂತೆ. ಕೊಂಬೆ ಎತ್ತರ ಆಯ್ತು ಅಂತ ಇಳಿಸಿದ್ಲು. ನಾನು ಕಟ್ಟಿದ್ದ ಕನ್ನಡಿ ತೆಗೆದ್ಲು. ಅದು ತನ್ನನ್ನೇ ನೋಡ್ಕೊಂಡು ಕೂತ್ರೆ ನಮ್ಮನ್ನ ಯಾವಾಗ ನೋಡುತ್ತೆ ಅಂತಾಳೆ. ದೇವರ ಮನೆ ಊದುಬತ್ತಿ ನಿಲ್ಲಿಸಿ ಬರೀ ದೀಪ ಹಚ್ತಿದ್ದಾಳೆ. ಕಿಟಕಿಗೆ ಜಾಲರಿ ಹೊಡೆದಿದ್ದೀವಿ. ಪಂಜರದ ಬಾಗಿಲು ತೆಗೆದ್ರೆ ಫ್ಯಾನು ಆಫ್ ಮಾಡ್ಬೇಕು ಅಂತ ಇಬ್ಬರೂ ಈಗಿಂದಲೇ ರೂಢಿ ಮಾಡ್ಕೋತಿದ್ದೀವಿ. ಸೆಕೇಲಿ ಬೆಂದುಹೋಗ್ತಿದ್ದೀವಿ. ಹೆಸರು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ನಾನು ಹೇಳಿದ್ದೆಲ್ಲ ಎಮ್ಮೆ ಹೆಸರಂತೆ.

ಮರಿ ತಾನೇ ಕಾಳು ಬಿಡಿಸ್ತಿದೆ, ಬಂದು ಕರ್ಕೊಂಡು ಹೋಗಿ ಅಂತ ವರಲಕ್ಷ್ಮಮ್ಮ ಹೇಳಿದಾರೆ. ಇವತ್ತೇ ಹೊರಟಿದ್ದೀವಿ. ಗಾಡಿ ಬೇಡ, ಬಸ್ಸಲ್ಲಿ ಹೋಗೋಣ, ನಿಮ್ಮ ಗುಂಡಿ ಅದಕ್ಕಾಗಲ್ಲ ಅಂದ್ಲು. ಗಾಳಿಯಾಡೋಕೆ ತೂತು ಮಾಡಿರೋ ಡಬ್ಬ, ಒಂದು ಹಿಡಿ ನವಣೆ ಚೀಲದಲ್ಲಿ ಹಾಕಿದ್ದಾಳೆ. ದೊಡ್ಡಬಳ್ಳಾಪುರದ ಪೋಸ್ಟ್ ಡಬ್ಬಕ್ಕೇ ಇದನ್ನ ಹಾಕೋಣ ಅಂತ ಜಗಲಿ ಮೇಲೆ ಕೂತು ಬರೀತಿದ್ದೀನಿ. ಪಿನ್‌ಕೋಡ್ ಹಾಕಿದೀನಿ.

ಮೊಹರಂ ಕಳೆದ ಮೇಲೆ ಒಂದು ವಾರ ಬಂದು ಇದ್ದು ಹೋಗು. ಇಲ್ಲಿ ನಮ್ಮ ಕಡೆ ಕನ್ನಡ ಬೇಕಾದಷ್ಟು ಸಿಗುತ್ತೆ, ಗಂಗಲಕ್ಷ್ಮಿ ಒಬ್ಬಳೇ ಸಾಕು. ಇನ್ನೂ ಬರೆಯೋದಿತ್ತು. ಅವಳು ಬಾಗಿಲಿಗೆ ಬೀಗ ಹಾಕಿ ನನ್ನ ಎದುರಿಗೆ ಬಂದು ನಿಂತಿದ್ದಾಳೆ, ಏನೋ ಹೇಳ್ತಿದ್ದಾಳೆ. ಬರೀತಾ ಕೂತ್ರೆ ಅವಳ ಮುಖ ನೋಡೋಕಾಗಲ್ಲ. ನಿಲ್ಲಿಸ್ತೀನಿ.

ಕೆಂಪರಾಜ್